ಸ್ವಾರಸ್ಯಕ್ಕೆ ಒಂದು ಅಂಕ



ದತ್ತಿ ಉಪನ್ಯಾಸಕ್ಕೆ ಒಬ್ಬ ಕವಿಯನ್ನೋ ಒಂದು ಕಾವ್ಯವನ್ನೋ ಆರಿಸಿಕೊಳ್ಳುವುದು ವಾಡಿಕೆ. ನಾನು ಪದವಿಪೂರ್ವ ಕನ್ನಡದ ಪ್ರಶ್ನೆಪತ್ರಿಕೆಯನ್ನು ಆರಿಸಿಕೊಂಡಿದ್ದೇನೆ. ಕರ್ನಾಟಕದಲ್ಲಿ ಪ್ರತಿವರ್ಷ ಲಕ್ಷಾಂತರ ಮಕ್ಕಳು ದ್ವಿತೀಯ ಪಿಯುಸಿ ಪರೀಕ್ಷೆಗೆ ಕೂರುತ್ತಾರೆ. ಅವರಲ್ಲಿ ಎಂಜಿನಿಯರಿಂಗಿಗೋ ವೈದ್ಯಕೀಯಕ್ಕೋ ಹೋಗುವವರಿಗೆ ನಾಗಚಂದ್ರನನ್ನೂ ಕುಮಾರವ್ಯಾಸನನ್ನೂ ಗುರುಗಳ ಎದುರು ಕೂತು ಓದುವ ಅವಕಾಶ ಹೆಚ್ಚುಕಡಿಮೆ ಅದೇ ಕೊನೆಯದು. ಆ ಓದು ಹೇಗಿರಬೇಕು ಎಂಬುದನ್ನು ಪಠ್ಯಪುಸ್ತಕ ಸಮಿತಿ ಯೋಚಿಸುತ್ತದೆ, ಮೇಷ್ಟ್ರು ಯೋಚಿಸುತ್ತಾರೆ. ಕೊನೆಗೆ ತೀರ್ಮಾನ ಮಾಡುವುದು ಮಾತ್ರ ಪ್ರಶ್ನೆಪತ್ರಿಕೆ. ಪಠ್ಯ ಬದಲಾದಾಗ ಪತ್ರಿಕೆಗಳಲ್ಲಿ ವಾರಗಟ್ಟಲೆ ಚರ್ಚೆ ನಡೆಯುತ್ತದೆ. ಪ್ರಶ್ನೆಪತ್ರಿಕೆಯ ಸ್ವರೂಪದ ಬಗ್ಗೆ ಸಾಹಿತ್ಯಲೋಕದವರು ಬಾಯಿ ತೆರೆದದ್ದನ್ನು ನಾನು ಕಂಡದ್ದು ಕಡಿಮೆ.

ಮೊದಲು ವ್ಯವಸ್ಥೆಯನ್ನು ಸ್ವಲ್ಪದರಲ್ಲಿ ಹೇಳಿಬಿಡುತ್ತೇನೆ. ಪಿಯುಸಿಯಲ್ಲಿ ಆರು ವಿಷಯ, ಒಟ್ಟು 600 ಅಂಕ. ಅದರಲ್ಲಿ ಎರಡು ಭಾಷೆ, ಒಂದೊಂದಕ್ಕೆ 100. ಬಹಳ ಕಾಲ ಆ ನೂರೂ ಅಂಕ ವಾರ್ಷಿಕ ಪರೀಕ್ಷೆಯ ಮೂರು ಗಂಟೆಯಲ್ಲೇ ತೀರ್ಮಾನವಾಗುತ್ತಿತ್ತು. 2023-24ರಿಂದ ಭಾಷೆಗಳಿಗೆ 80 ಅಂಕದ ಲಿಖಿತ ಪರೀಕ್ಷೆ, 20 ಅಂಕದ ಆಂತರಿಕ ಮೌಲ್ಯಮಾಪನ ಎಂಬ ಹಂಚಿಕೆ ಬಂತು. ಅದೇ ವರ್ಷ ಪೂರಕ ಪರೀಕ್ಷೆಯ ಜಾಗದಲ್ಲಿ ಪರೀಕ್ಷೆ-1, ಪರೀಕ್ಷೆ-2, ಪರೀಕ್ಷೆ-3 ಎಂಬ ಮೂರು ಅವಕಾಶಗಳು ಬಂದವು. ಯಾವುದರಲ್ಲಿ ಹೆಚ್ಚು ಅಂಕ ಬಂದಿದೆಯೋ ಅದನ್ನು ವಿದ್ಯಾರ್ಥಿ ಉಳಿಸಿಕೊಳ್ಳಬಹುದು. ಪರೀಕ್ಷೆಯ ಭಯವನ್ನು ಇದು ಖಂಡಿತ ತಗ್ಗಿಸಿದೆ. ಒಂದು ದಿನದ ಜ್ವರದಿಂದ ಒಂದು ವರ್ಷ ಹಾಳಾಗುವುದು ತಪ್ಪಿದೆ. ಆದರೆ ಎಷ್ಟು ಸಲ ಕೂತರೂ ಕೇಳುವ ಪ್ರಶ್ನೆಯ ಜಾತಿ ಒಂದೇ. ನನ್ನ ಮಾತು ಆ ಪ್ರಶ್ನೆಯ ಬಗ್ಗೆ.

ಲಿಖಿತ ಪತ್ರಿಕೆ ಹೇಗಿರುತ್ತದೆಂದು ಇಲ್ಲಿರುವ ಮಕ್ಕಳಿಗೆ ಕಂಠಪಾಠ. ಒಂದು ಅಂಕದವು: ಒಂದು ವಾಕ್ಯದಲ್ಲಿ ಉತ್ತರಿಸಿ, ಬಹು ಆಯ್ಕೆ, ಬಿಟ್ಟ ಸ್ಥಳ, ಹೊಂದಿಸಿ ಬರೆಯಿರಿ. ಆಮೇಲೆ ಎರಡು ಅಂಕದವು. ಆಮೇಲೆ ಮೂರು ಅಂಕದ ಸಂದರ್ಭ. ನಾಲ್ಕು ಅಂಕಕ್ಕೆ ಐದಾರು ವಾಕ್ಯಗಳ ಉತ್ತರ. ಕೊನೆಗೆ ಭಾಷಾಭ್ಯಾಸ: ವ್ಯಾಕರಣ, ಪ್ರಬಂಧ, ಪತ್ರ, ಗಾದೆ, ಗದ್ಯಭಾಗ ಓದಿ ಉತ್ತರಿಸುವುದು. ಇದರಲ್ಲಿ ವಿದ್ಯಾರ್ಥಿ ಹಿಂದೆಂದೂ ನೋಡಿರದ ಬರಹವನ್ನು ಎದುರಿಸುವುದು ಆ ಗದ್ಯಭಾಗದಲ್ಲಿ ಮಾತ್ರ. ಅಲ್ಲಿಯೂ ಕೇಳುವುದು ಮಾಹಿತಿ. ಉತ್ತರ ಆ ಸಾಲುಗಳಲ್ಲೇ ಇರುತ್ತದೆ, ಎತ್ತಿ ಬರೆದರೆ ಸಾಕು. ಉಳಿದ ಸಾಹಿತ್ಯದ ಪ್ರಶ್ನೆಗಳೆಲ್ಲ ತರಗತಿಯಲ್ಲಿ ಓದಿದ, ಗೈಡುಗಳಲ್ಲಿ ಉತ್ತರ ಅಚ್ಚಾಗಿರುವ ಪಾಠಗಳ ಮೇಲಿನವು.

ಇವುಗಳಲ್ಲಿ ನನಗೆ ಅತ್ಯಂತ ಪ್ರಿಯವಾದ ಪ್ರಶ್ನೆ ಸಂದರ್ಭ. ಅತ್ಯಂತ ದುಃಖ ಕೊಡುವುದೂ ಅದೇ. ಪಾಠದ ಒಂದು ಸಾಲನ್ನು ಕೊಟ್ಟು, ಇದು ಎಲ್ಲಿ ಬರುತ್ತದೆ, ಯಾರು ಯಾರಿಗೆ ಹೇಳಿದ್ದು, ಇದರ ಸ್ವಾರಸ್ಯವೇನು ಎಂದು ಕೇಳುವುದು ಎಂಥ ಒಳ್ಳೆಯ ಪ್ರಶ್ನೆ! ಒಂದು ಸಾಲಿನ ಮುಂದೆ ನಿಂತು ಅದು ಹಾಗೇಕೆ ಇದೆ ಎಂದು ಯೋಚಿಸುವುದೇ ಸಾಹಿತ್ಯದ ಓದಿನ ಆರಂಭ. ಕುಮಾರವ್ಯಾಸನ ದ್ರೌಪದಿ ಭೀಮನ ಎದುರು ಅಳಲು ತೋಡಿಕೊಳ್ಳುವ ಭಾಗ ಹಲವು ವರ್ಷಗಳಿಂದ ಪಠ್ಯದಲ್ಲಿದೆ. ಆ ಮಾತಿನಲ್ಲಿ ಸಿಟ್ಟು ಎಷ್ಟು, ಹತಾಶೆ ಎಷ್ಟು, ಭೀಮನನ್ನು ಮಾತ್ರ ನೆಚ್ಚುವ ಲೆಕ್ಕಾಚಾರ ಎಷ್ಟು ಎಂದು ಹದಿನೇಳರ ಹುಡುಗಿಯೊಬ್ಬಳು ಮೂರು ಸಾಲಿನಲ್ಲಿ ಬರೆದರೆ ಅದೇ ವಿಮರ್ಶೆ.

ಈಗ ಅಂಕ ಹಂಚುವ ಬಗೆ ನೋಡಿ. ರೂಢಿಯ ಹಂಚಿಕೆಯಲ್ಲಿ ಆಯ್ಕೆಗೆ ಒಂದು, ಸಂದರ್ಭಕ್ಕೆ ಒಂದು, ಸ್ವಾರಸ್ಯಕ್ಕೆ ಒಂದು. ಕವಿಯ ಹೆಸರು, ಪಾಠದ ಹೆಸರು, ಆಕರ ಗ್ರಂಥದ ಹೆಸರು ಬರೆದವನಿಗೆ ಒಂದು ಅಂಕ ಬಂತು. ಯಾರು ಯಾರಿಗೆ ಹೇಳಿದರು ಎಂದು ಬರೆದರೆ ಇನ್ನೊಂದು. ಮೂರರಲ್ಲಿ ಎರಡು ಅಂಕ ನೆನಪಿಗೇ ಹೋಯಿತು. ಉಳಿದ ಒಂದಕ್ಕೆ ಮಕ್ಕಳು ಎಲ್ಲ ಸಂದರ್ಭಗಳಿಗೂ ಹೊಂದುವ ಒಂದು ವಾಕ್ಯವನ್ನು ಕಲಿತಿರುತ್ತಾರೆ: ಇಲ್ಲಿ ಕವಿಯು ಪಾತ್ರದ ಮನಸ್ಥಿತಿಯನ್ನು ಮನೋಜ್ಞವಾಗಿ ಚಿತ್ರಿಸಿದ್ದಾನೆ. ಈ ವಾಕ್ಯ ನಾಗಚಂದ್ರನ ರಾವಣನಿಗೂ ಸಲ್ಲುತ್ತದೆ, ದ್ರೌಪದಿಗೂ ಸಲ್ಲುತ್ತದೆ, ತೇಜಸ್ವಿಯವರ ಕೃಷ್ಣೇಗೌಡನಿಗೂ ಸಲ್ಲುತ್ತದೆ. ಇದಕ್ಕೆ ಮೌಲ್ಯಮಾಪಕರು ಅರ್ಧ ಅಂಕವಾದರೂ ಕೊಡುತ್ತಾರೆ. ಕೊಡದಿರಲು ಅವರ ಕೈಯಲ್ಲಿ ಆಧಾರವಿಲ್ಲ; ಏಕೆಂದರೆ ಸ್ವಾರಸ್ಯವೆಂದರೆ ಏನನ್ನು ನಿರೀಕ್ಷಿಸಬೇಕು ಎಂಬುದನ್ನು ಮಾದರಿ ಉತ್ತರ ಬಿಡಿಸಿ ಹೇಳಿರುವುದಿಲ್ಲ. ಎರಡು ವರ್ಷದ ಸಾಹಿತ್ಯಪಾಠದಿಂದ ನಾವು ಏನನ್ನು ಕಲಿಸಬೇಕೆಂದು ಹೊರಟಿದ್ದೆವೋ ಅದಕ್ಕೆ ಒಂದು ಅಂಕ, ಅದೂ ಯೋಚಿಸದೆ ಸಿಗುವ ಅಂಕ.

ಪ್ರಶ್ನೆ ಹೀಗಿದ್ದರೆ ಪಾಠವೂ ಹಾಗೇ ಆಗುತ್ತದೆ. ಜೂನ್ ತಿಂಗಳಲ್ಲಿ ಕಾವ್ಯವನ್ನು ಕಾವ್ಯವಾಗಿ ಓದಿಸುವ ಉಪನ್ಯಾಸಕರು ಡಿಸೆಂಬರ್ ಹೊತ್ತಿಗೆ ಬ್ಲೂಪ್ರಿಂಟ್ ಹಿಡಿಯುತ್ತಾರೆ. ಯಾವ ಪಾಠದಿಂದ ಎಷ್ಟು ಅಂಕ, ಯಾವುದನ್ನು ಬಿಟ್ಟರೂ ನಡೆಯುತ್ತದೆ ಎಂಬ ಲೆಕ್ಕ ಶುರುವಾಗುತ್ತದೆ. ಹಿಂದುಳಿದ ಮಕ್ಕಳಿಗೆ 'ಪಾಸಿಂಗ್ ಪ್ಯಾಕೇಜ್' ಎಂಬ, ಪಾಸಾಗಲು ಸಾಕಾಗುವಷ್ಟು ಉತ್ತರಗಳಿರುವ ಎಂಟು ಹಾಳೆ ಕೈಗೆ ಬರುತ್ತದೆ. ಅದನ್ನು ಸಿದ್ಧಪಡಿಸುವ ಉಪನ್ಯಾಸಕರನ್ನು ನಾನು ದೂರುವುದಿಲ್ಲ. ಫಲಿತಾಂಶ ಕಡಿಮೆಯಾದರೆ ನೋಟಿಸು ಬರುವುದು ಅವರಿಗೆ. ಮನೆಯಲ್ಲಿ ಓದಿಸುವವರಿಲ್ಲದ ಹುಡುಗನೊಬ್ಬ ಆ ಎಂಟು ಹಾಳೆ ಹಿಡಿದು ಪಾಸಾಗಿ ಮುಂದಕ್ಕೆ ಹೋದರೆ ಅದು ಪುಣ್ಯದ ಕೆಲಸವೇ. ನನ್ನ ಆಕ್ಷೇಪ ಇಷ್ಟು: ಎಂಟು ಹಾಳೆಯಿಂದ ದಾಟಬಹುದಾದ ಪರೀಕ್ಷೆ, ಆ ಹುಡುಗನಿಗೆ ಕನ್ನಡ ಓದಲು ಬಂತೇ ಎಂಬುದನ್ನು ನಮಗೆ ಹೇಳುವುದಿಲ್ಲ. ನೂರಕ್ಕೆ ನೂರು ತೆಗೆದ ಹುಡುಗಿಯ ವಿಷಯದಲ್ಲೂ ಹೇಳುವುದಿಲ್ಲ.

ವಿಜ್ಞಾನ ವಿಭಾಗದಲ್ಲಿ ಇನ್ನೊಂದು ಒತ್ತಡ ಇದೆ. ಎಂಜಿನಿಯರಿಂಗಿನ ಸಿಇಟಿ ರ‍್ಯಾಂಕಿಗೆ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳು ಅರ್ಧ ಪಾಲು. ಭಾಷೆಯ ಅಂಕ ಲೆಕ್ಕಕ್ಕಿಲ್ಲ. ವೈದ್ಯಕೀಯಕ್ಕೆ ನೀಟ್ ಒಂದೇ. ಹಾಗಾಗಿ ಕೆಲವು ಕಾಲೇಜುಗಳಲ್ಲಿ ಕನ್ನಡದ ಪಿರಿಯಡ್ಡು ಕೋಚಿಂಗಿಗೆ ಹೋಗುತ್ತದೆ. ಕನ್ನಡ ಮನೆಮಾತಿನ ಮಕ್ಕಳೂ ಅಂಕ ಸುಲಭವೆಂದು ಬೇರೆ ಭಾಷೆಯ ಕಡೆ ಹೊರಳುತ್ತಾರೆ. ಇದಕ್ಕೆ ಪ್ರತಿಯಾಗಿ ಕನ್ನಡ ಪತ್ರಿಕೆಯನ್ನೂ ಸುಲಭ ಮಾಡೋಣ, ಇನ್ನಷ್ಟು ಒಂದು ಅಂಕದ ಪ್ರಶ್ನೆ ಸೇರಿಸೋಣ ಎಂಬ ವಾದ ನಮ್ಮವರಿಂದಲೇ ಬರುತ್ತದೆ. ನಾನು ಇದನ್ನು ಒಪ್ಪುವುದಿಲ್ಲ. ಅಂಕಕ್ಕಾಗಿ ಹೊರಳುವವರನ್ನು ಅಂಕದಿಂದಲೇ ಉಳಿಸಿಕೊಳ್ಳಲು ಹೋದರೆ ಭಾಷೆಯ ತರಗತಿಯಲ್ಲಿ ಭಾಷೆಯೇ ಉಳಿಯುವುದಿಲ್ಲ.

ಈ ಪದ್ಧತಿ ಮೌಲ್ಯಮಾಪಕರ ಕೈಯನ್ನೂ ಹೇಗೆ ಕಟ್ಟುತ್ತದೆ ಎಂಬುದಕ್ಕೆ ಕೇಂದ್ರ ಮೌಲ್ಯಮಾಪನದ ಕೊಠಡಿಯ ಒಂದು ಸಂಗತಿ ಹೇಳುತ್ತೇನೆ. ಲಂಕೇಶರ 'ಮುಟ್ಟಿಸಿಕೊಂಡವನು' ಕಥೆಯ ಮೇಲೆ ನಾಲ್ಕು ಅಂಕದ ಪ್ರಶ್ನೆ ಇತ್ತು. ಬಸಲಿಂಗನ ಕಣ್ಣಿನ ಬೇನೆ, ವೈದ್ಯ ತಿಮ್ಮಪ್ಪನ ಜಾತಿ ತಿಳಿದಮೇಲೆ ಅವನಲ್ಲಿ ಎದ್ದ ಗೊಂದಲ, ಇವನ್ನು ಅಂಶವಾರು ಬರೆಯಬೇಕು ಎಂದು ಮಾದರಿ ಉತ್ತರ ಹೇಳುತ್ತಿತ್ತು. ಒಂದು ಉತ್ತರಪತ್ರಿಕೆಯಲ್ಲಿ ಕಥೆಯ ಸಾರಾಂಶ ಎರಡೇ ವಾಕ್ಯದಲ್ಲಿ ಮುಗಿದಿತ್ತು. ಮುಂದಿನ ಸಾಲುಗಳಲ್ಲಿ ಆ ವಿದ್ಯಾರ್ಥಿ, ಬಸಲಿಂಗನಿಗೆ ಕಣ್ಣು ಹೋಗುವ ಭಯಕ್ಕಿಂತ ಮುಟ್ಟಿಸಿಕೊಂಡೆನೆಂಬ ಭಯ ದೊಡ್ಡದಾಗಿತ್ತು, ನಮ್ಮ ಊರಲ್ಲೂ ಚಿಕಿತ್ಸೆ ಬೇಕು ಆದರೆ ಚಿಕಿತ್ಸೆ ಮಾಡುವವರ ಮನೆಯ ನೀರು ಬೇಡ ಎನ್ನುವವರಿದ್ದಾರೆ, ಲೇಖಕರು ಬಸಲಿಂಗನನ್ನು ಕೆಟ್ಟವನನ್ನಾಗಿ ಮಾಡದೆ ಇದ್ದದ್ದರಿಂದ ನನಗೆ ನಮ್ಮ ಅಜ್ಜನ ನೆನಪಾಯಿತು ಎಂಬ ಅರ್ಥದಲ್ಲಿ ಬರೆದಿದ್ದ, ಅಥವಾ ಬರೆದಿದ್ದಳು. ಕೋಡಿಂಗ್ ಆದ ಪತ್ರಿಕೆ, ಯಾರೆಂದು ತಿಳಿಯುವಂತಿಲ್ಲ. ಅಂಶಗಳು ಪೂರ್ತಿಯಿಲ್ಲ ಎಂದು ಮೇಜಿನ ಸಹೋದ್ಯೋಗಿ ಎರಡು ಅಂಕ ಹಾಕಿದ್ದರು. ಚರ್ಚೆ ನಡೆಯಿತು. ಉಪಮುಖ್ಯ ಮೌಲ್ಯಮಾಪಕರು ಸಹೃದಯರು. ಅವರು ಉತ್ತರವನ್ನು ಮತ್ತೆ ಓದಿ, ಮೂರು ಕೊಡಿ ಎಂದರು. ನಾಲ್ಕು ಏಕಿಲ್ಲ ಎಂದದ್ದಕ್ಕೆ, ಮರುಮೌಲ್ಯಮಾಪನಕ್ಕೆ ಹೋದರೆ ಮಾದರಿ ಉತ್ತರದ ಎದುರು ಇದನ್ನು ಸಮರ್ಥಿಸಿಕೊಳ್ಳುವುದು ಹೇಗೆ ಎಂದು ಕೇಳಿದರು. ಅವರ ಭಯದಲ್ಲಿ ಅರ್ಥವಿತ್ತು. ಇವತ್ತು ವಿದ್ಯಾರ್ಥಿ ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿಕೊಳ್ಳಬಹುದು, ಮರುಎಣಿಕೆ ಕೇಳಬಹುದು, ಮರುಮೌಲ್ಯಮಾಪನ ಕೇಳಬಹುದು. ಅದು ವಿದ್ಯಾರ್ಥಿಯ ಹಕ್ಕು, ಇರಲೇಬೇಕಾದ ಹಕ್ಕು. ಆದರೆ ಮೌಲ್ಯಮಾಪಕರ ಕೈಯಲ್ಲಿರುವ ಏಕೈಕ ರಕ್ಷಣೆ ಆ ಅಂಶಗಳ ಪಟ್ಟಿ ಆದಾಗ, ಪಟ್ಟಿಯಲ್ಲಿಲ್ಲದ ಒಳ್ಳೆಯ ಉತ್ತರಕ್ಕೆ ಅಂಕ ಕೊಡುವ ಧೈರ್ಯ ಯಾರಿಗೂ ಬರುವುದಿಲ್ಲ.

ಇದಕ್ಕೆ ದಾರಿ ಇದೆ. ಮಾದರಿ ಉತ್ತರದ ಜೊತೆಗೆ ಮಟ್ಟಗಳ ವಿವರಣೆಯನ್ನೂ ಕೊಡಬೇಕು. ಕಥೆಯನ್ನು ಸರಿಯಾಗಿ ನೆನಪಿಟ್ಟು ಹೇಳಿದ್ದರೆ ಎರಡು. ಪಾತ್ರದ ನಡತೆಗೆ ಕಾರಣ ಹುಡುಕಿದ್ದರೆ ಮೂರು. ಕಥೆಯ ಯಾವುದೋ ವಿವರವನ್ನು ಹಿಡಿದು ತನ್ನದೇ ಮಾತಿನಲ್ಲಿ ಅರ್ಥ ತೆಗೆದಿದ್ದರೆ ನಾಲ್ಕು. ಹೀಗೆ ಬರೆದಿಟ್ಟು, ಮೌಲ್ಯಮಾಪನದ ಮೊದಲ ದಿನ ನಾಲ್ಕಾರು ನಿಜವಾದ ಉತ್ತರಗಳನ್ನು ಎಲ್ಲರೂ ಕೂತು ಓದಿ, ಯಾವುದಕ್ಕೆ ಎಷ್ಟು, ಏಕೆ ಎಂದು ಒಮ್ಮತಕ್ಕೆ ಬಂದರೆ ಸಾಕು. ಹಾಗಿದ್ದಿದ್ದರೆ ಅಂದು ನನ್ನ ಸಹೋದ್ಯೋಗಿಗೂ ಉಪಮುಖ್ಯ ಮೌಲ್ಯಮಾಪಕರಿಗೂ ಧೈರ್ಯ ಬರುತ್ತಿತ್ತು.

ಭಾಷೆಯ ತಪ್ಪುಗಳ ವಿಚಾರವನ್ನೂ ಇಲ್ಲಿಯೇ ಹೇಳಬೇಕು. ನಮ್ಮ ಪಿಯು ತರಗತಿಯಲ್ಲಿ ಕೂರುವವರ ಮನೆಮಾತು ಬರಿಯ ಕನ್ನಡವಲ್ಲ. ಕಲಬುರಗಿಯಲ್ಲಿ ಉರ್ದು, ಮಂಗಳೂರಿನಲ್ಲಿ ತುಳು ಮತ್ತು ಬ್ಯಾರಿ, ಕಾರವಾರದಲ್ಲಿ ಕೊಂಕಣಿ, ತಾಂಡಾಗಳಲ್ಲಿ ಲಂಬಾಣಿ, ಮಡಿಕೇರಿಯಲ್ಲಿ ಕೊಡವ. ಕನ್ನಡವೇ ಮನೆಮಾತಾದವರಿಗೂ ಬೀದರಿನ ಕನ್ನಡ ಬೇರೆ, ಕುಂದಾಪುರದ್ದು ಬೇರೆ, ಚಾಮರಾಜನಗರದ್ದು ಬೇರೆ. ಬೇಂದ್ರೆಯವರ ಧಾರವಾಡದ ಮಾತನ್ನೂ ದೇವನೂರ ಮಹಾದೇವರ ನಂಜನಗೂಡು ಸೀಮೆಯ ಮಾತನ್ನೂ ನಾವು ಕನ್ನಡದ ಹೆಮ್ಮೆ ಎಂದು ಪಾಠ ಮಾಡುತ್ತೇವೆ. ಅದೇ ಮಾತು ಉತ್ತರಪತ್ರಿಕೆಯಲ್ಲಿ ನುಸುಳಿದರೆ ಕೆಂಪು ಶಾಯಿಯ ಗೆರೆ ಬೀಳುತ್ತದೆ. ಪತ್ರಲೇಖನದಲ್ಲಿ ಶಿಷ್ಟ ಕನ್ನಡ ಬೇಕು, ಅದಕ್ಕೆ ಅಂಕ ಕಳೆಯುವುದು ನ್ಯಾಯ. ಕಥೆಯೊಂದರ ಬಗ್ಗೆ ತನಗೆ ಅನಿಸಿದ್ದನ್ನು ಹೇಳುವಾಗ ಹಕಾರ ಅಕಾರವಾದದ್ದಕ್ಕೆ, ಮಹಾಪ್ರಾಣ ಬಿಟ್ಟುಹೋದದ್ದಕ್ಕೆ ಅಂಕ ಕಳೆಯುವುದು ಅನ್ಯಾಯ. ಯಾವ ಪ್ರಶ್ನೆಯಲ್ಲಿ ಭಾಷೆಯ ಶುದ್ಧಿಯನ್ನು ಅಳೆಯುತ್ತೇವೆ, ಯಾವುದರಲ್ಲಿ ಅಳೆಯುವುದಿಲ್ಲ ಎಂಬುದನ್ನು ಪ್ರಶ್ನೆಪತ್ರಿಕೆಯ ಮೇಲೆಯೇ ಅಚ್ಚುಹಾಕಬೇಕು.

ಇನ್ನು ಆಂತರಿಕ ಮೌಲ್ಯಮಾಪನದ 20 ಅಂಕ. ಕಿರು ಪರೀಕ್ಷೆ, ಅರ್ಧವಾರ್ಷಿಕ ಪರೀಕ್ಷೆ, ಯೋಜನಾಕಾರ್ಯ ಇವೆಲ್ಲ ಇದರೊಳಗೆ ಬರುತ್ತವೆ. ಈ ಹಂಚಿಕೆ ಬಂದಾಗ ನಾನು ಸಂತೋಷಪಟ್ಟವನು. ಕನ್ನಡದಂಥ, ಆಡಿ ಕೇಳಿ ಬೆಳೆದ ಭಾಷೆಯ ಪರೀಕ್ಷೆಯಲ್ಲಿ ವಿದ್ಯಾರ್ಥಿಯ ದನಿಗೆ ಜಾಗವೇ ಇರಲಿಲ್ಲ. ಈಗಲಾದರೂ ಬಂತು ಎಂದುಕೊಂಡೆ. ಆದರೆ ಬಹಳ ಕಡೆ ಯೋಜನಾಕಾರ್ಯವೆಂದರೆ ಜ್ಞಾನಪೀಠ ಪ್ರಶಸ್ತಿ ಪಡೆದ ಕನ್ನಡ ಸಾಹಿತಿಗಳ ಚಿತ್ರ ಅಂಟಿಸಿ, ಪರಿಚಯ ಎತ್ತಿ ಬರೆದು, ಝೆರಾಕ್ಸ್ ಅಂಗಡಿಯಲ್ಲಿ ಸ್ಪೈರಲ್ ಬೈಂಡಿಂಗ್ ಮಾಡಿಸಿ ತರುವುದು ಎಂದಾಗಿದೆ. ಬಣ್ಣದ ಮುಖಪುಟಕ್ಕೆ ದುಡ್ಡು ಖರ್ಚಾಗುತ್ತದೆ, ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಅಂಕ ಬೀಳುತ್ತದೆ. ಎಂಬತ್ತು ಮಕ್ಕಳ ಸೆಕ್ಷನ್, ಅಂಥ ಮೂರು ನಾಲ್ಕು ಸೆಕ್ಷನ್ ಇರುವ ಉಪನ್ಯಾಸಕರು ಪ್ರತಿಯೊಬ್ಬರ ಯೋಜನೆಯನ್ನೂ ಓದಿ ಮಾತಾಡಿಸುವುದು ಹೇಗೆ ಎಂಬುದು ನಿಜವಾದ ತೊಂದರೆ. ಅದಕ್ಕೆ ಉತ್ತರ ಯೋಜನೆಯನ್ನೇ ಚಿಕ್ಕದು ಮಾಡಿ, ವಿದ್ಯಾರ್ಥಿಯ ಮಾತಿಗೂ ಒಂದು ಪಾಲು ಕೊಡುವುದು.

ಸಿಬಿಎಸ್‌ಇ 11 ಮತ್ತು 12ನೇ ತರಗತಿಯ ಇಂಗ್ಲಿಷ್ ಪಠ್ಯದಲ್ಲಿ ಆಂತರಿಕ 20 ಅಂಕದ ಅರ್ಧ ಪಾಲು ಕೇಳುವ ಮತ್ತು ಮಾತಾಡುವ ಸಾಮರ್ಥ್ಯಕ್ಕೆ ಮೀಸಲು. ಕನ್ನಡದ ಮಕ್ಕಳು ಇಂಗ್ಲಿಷಿನಲ್ಲಿ ಬಾಯಿ ತೆರೆಯಬೇಕೆಂದು ಕೇಳುವ ವ್ಯವಸ್ಥೆಗಳಿವೆ. ಕನ್ನಡದಲ್ಲಿ ಬಾಯಿ ತೆರೆಯಬೇಕೆಂದು ನಾವು ಕೇಳಿಲ್ಲ. ನನಗೆ ಗಮಕದ ಹುಚ್ಚು ಇದ್ದುದರಿಂದ ಭಾಮಿನಿ ಷಟ್ಪದಿಯನ್ನು ತರಗತಿಯಲ್ಲಿ ಓದಿಸುತ್ತಿದ್ದೆ. ಮೂರು-ನಾಲ್ಕು ಮಾತ್ರೆಯ ನಡೆ ಕಿವಿಗೆ ಹತ್ತಿದ ಮಕ್ಕಳು ಪದಗಳನ್ನು ಎಲ್ಲಿ ಬಿಡಿಸಬೇಕೆಂದು ತಾವಾಗಿಯೇ ಕಂಡುಕೊಳ್ಳುತ್ತಿದ್ದರು. ಪದ ಬಿಡಿಸಲು ಬಂದರೆ ಅರ್ಥ ಅರ್ಧ ಬಂದಂತೆ. ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಪ್ರಸ್ತಾರ ಹಾಕಿ, ಗಣ ವಿಂಗಡಿಸಿ, ಛಂದಸ್ಸಿನ ಹೆಸರು ಬರೆದು ಪೂರ್ತಿ ಅಂಕ ಪಡೆಯುತ್ತಾರೆ. ಅದೇ ಪದ್ಯವನ್ನು ಗಟ್ಟಿಯಾಗಿ ಓದಿ ಎಂದರೆ ತಡವರಿಸುವವರು ಎಷ್ಟೋ ಮಂದಿ. ಒಬ್ಬ ವಿದ್ಯಾರ್ಥಿ ಒಂದು ಪದ್ಯವನ್ನು ಗಟ್ಟಿಯಾಗಿ ಓದಿ, ಅದರ ಬಗ್ಗೆ ಎರಡು ಪ್ರಶ್ನೆಗೆ ಉತ್ತರ ಹೇಳಲು ಐದು ನಿಮಿಷ ಸಾಕು. ವಾರಕ್ಕೆ ನಾಲ್ಕು ಪಿರಿಯಡ್ ಇರುವ ವಿಷಯಕ್ಕೆ ಇಡೀ ವರ್ಷದಲ್ಲಿ ತಲಾ ಐದು ನಿಮಿಷ ಹೊಂದಿಸುವುದು ಅಸಾಧ್ಯವಲ್ಲ. ಫೋನಿನಲ್ಲಿ ದನಿ ದಾಖಲಿಸಿಟ್ಟರೆ ಪರೀಕ್ಷಾ ಮಂಡಳಿ ಬೇಕೆಂದಾಗ ಕೆಲವನ್ನು ತರಿಸಿ ಪರಿಶೀಲಿಸಬಹುದು. ಉಳಿದ ಅಂಕಕ್ಕೆ ತನ್ನ ಊರಿನ ಹಿರಿಯರಿಂದ ಕೇಳಿ ಬರೆದ ಎರಡು ಪುಟದ ಕಥೆಯೋ, ಸಂತೆಯ ಮಾತಿನ ದಾಖಲೆಯೋ, ಹಾಡಿನ ಸಂಗ್ರಹವೋ ಇರಲಿ. ಅದನ್ನು ಝೆರಾಕ್ಸ್ ಅಂಗಡಿ ಕೊಡಲಾರದು.

ಈಗ ನನ್ನ ಮುಖ್ಯ ಬೇಡಿಕೆಗೆ ಬರುತ್ತೇನೆ. ದ್ವಿತೀಯ ಪಿಯುಸಿ ಕನ್ನಡ ಪತ್ರಿಕೆಯಲ್ಲಿ ಮಕ್ಕಳು ಹಿಂದೆ ಓದಿರದ ಒಂದು ಕನ್ನಡ ಪದ್ಯವನ್ನು ಕೊಡಬೇಕು. ಹೊಸಗನ್ನಡದ್ದು, ಹತ್ತು ಹದಿನೈದು ಸಾಲಿನದು, ಕಠಿಣ ಪದಗಳಿಗೆ ಕೆಳಗೆ ಅರ್ಥ ಕೊಟ್ಟದ್ದು. ಕವಿಯ ಹೆಸರು ಬೇಕಿಲ್ಲ. ಈ ಪದ್ಯದಲ್ಲಿ ಮಾತಾಡುತ್ತಿರುವವರು ಯಾರಿರಬಹುದು, ನಿಮಗೆ ಹೇಗೆ ಗೊತ್ತಾಯಿತು, ನಿಮ್ಮ ಮನಸ್ಸಿನಲ್ಲಿ ನಿಂತ ಸಾಲು ಯಾವುದು, ಏಕೆ ಎಂಬಂಥ ಪ್ರಶ್ನೆಗಳು. ಎಂಬತ್ತರಲ್ಲಿ ಹತ್ತು ಅಂಕವನ್ನು ಇದಕ್ಕೆ ಕೊಡಿ.

ಇದು ಹೊಸ ಯೋಚನೆಯಲ್ಲ. ಐ. ಎ. ರಿಚರ್ಡ್ಸ್ ಕೇಂಬ್ರಿಜ್‌ನಲ್ಲಿ ಕವಿಯ ಹೆಸರಿಲ್ಲದ ಪದ್ಯಗಳನ್ನು ವಿದ್ಯಾರ್ಥಿಗಳ ಕೈಗಿತ್ತು, ಅವರು ಬರೆದ ಪ್ರತಿಕ್ರಿಯೆಗಳನ್ನು ವಿಶ್ಲೇಷಿಸಿ 1929ರಲ್ಲಿ ಗ್ರಂಥವನ್ನೇ ಪ್ರಕಟಿಸಿದರು. ಸಾಹಿತ್ಯ ಓದಿದವರೂ ಕವಿಯ ಹೆಸರಿನ ಆಸರೆ ತಪ್ಪಿದರೆ ಎಷ್ಟು ತಡಕಾಡುತ್ತಾರೆ ಎಂಬುದು ಅದರಿಂದ ಬಯಲಾಯಿತು. ನವ್ಯದ ಕಾಲದ ನಮ್ಮ ವಿಮರ್ಶಕರು ಕೃತಿನಿಷ್ಠ ಓದನ್ನು ಕನ್ನಡದಲ್ಲಿ ಬೆಳೆಸಿದರು. ವಿಶ್ವವಿದ್ಯಾನಿಲಯಗಳ ತರಗತಿಗಳಲ್ಲಿ ಪ್ರಾಯೋಗಿಕ ವಿಮರ್ಶೆ ಪರಿಚಿತ ಹೆಸರಾಯಿತು. ಅದು ಪಿಯುಸಿಯ ಹೊಸ್ತಿಲು ದಾಟಿ ಕೆಳಗೆ ಬರಲೇ ಇಲ್ಲ. ಎಂ.ಎ.ಗೆ ಬರುವ ಕೆಲವೇ ಮಂದಿಗೆ ಮೀಸಲಾದ ಓದು, ಪಿಯುಸಿಗೇ ಕನ್ನಡಕ್ಕೆ ವಿದಾಯ ಹೇಳುವ ಲಕ್ಷಾಂತರ ಮಕ್ಕಳಿಗೆ ಹೆಚ್ಚು ಬೇಕಾದದ್ದು. ಅವರು ಮುಂದೆ ಜೀವನದಲ್ಲಿ ಎದುರಿಸುವ ಪ್ರತಿಯೊಂದು ಕನ್ನಡ ಬರಹವೂ ಓದಿರದ ಬರಹವೇ: ಪತ್ರಿಕೆಯ ಲೇಖನ, ಚುನಾವಣೆಯ ಕರಪತ್ರ, ಸ್ನೇಹಿತರು ಕಳಿಸಿದ ಕವಿತೆ.

ಹಳ್ಳಿಯ ಮಕ್ಕಳಿಗೆ ಇದು ಕಷ್ಟವಾಗುತ್ತದೆ, ಫಲಿತಾಂಶ ಬೀಳುತ್ತದೆ ಎನ್ನುವವರಿದ್ದಾರೆ. ಫಲಿತಾಂಶದ ಚಿಂತೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಕನ್ನಡದಲ್ಲಿಯೇ ಫೇಲಾಗಿ ಓದು ಬಿಟ್ಟವರನ್ನು ಬಲ್ಲೆ. ಆದರೆ ಗೈಡು ಕೊಳ್ಳುವ, ಟ್ಯೂಷನ್ನಿಗೆ ಹೋಗುವ ಶಕ್ತಿ ಯಾರಿಗಿದೆಯೋ ಅವರಿಗೆ ಅನುಕೂಲ ಮಾಡುವುದು ಈಗಿನ ಪತ್ರಿಕೆಯೇ. ಓದಿರದ ಪದ್ಯದ ಮುಂದೆ ಎಲ್ಲರೂ ಬರಿಗೈಯವರು. ಸೋಬಾನೆ ಪದ ಕೇಳಿ, ಯಕ್ಷಗಾನವನ್ನೋ ದೊಡ್ಡಾಟವನ್ನೋ ನೋಡಿ ಬೆಳೆದ ಹುಡುಗಿಗೆ ಅಲ್ಲಿ ನಗರದ ಹುಡುಗನಿಗಿಂತ ಹೆಚ್ಚೇ ಬಂಡವಾಳ ಇರುತ್ತದೆ. ನನ್ನ ತರಗತಿಗಳಲ್ಲಿ ಪಾಠದ ಪ್ರಶ್ನೆಗೆ ತಲೆತಗ್ಗಿಸುತ್ತಿದ್ದ ಎಷ್ಟೋ ಮಕ್ಕಳು ಹೊಸ ಪದ್ಯ ಕೊಟ್ಟಾಗ ಕೈ ಎತ್ತಿದ್ದನ್ನು ಕಂಡಿದ್ದೇನೆ.

ಮೌಲ್ಯಮಾಪನ ಒಂದೇ ರೀತಿ ನಡೆಯುವುದಿಲ್ಲ, ಒಬ್ಬರು ಎಂಟು ಕೊಟ್ಟದ್ದಕ್ಕೆ ಇನ್ನೊಬ್ಬರು ಐದು ಕೊಡುತ್ತಾರೆ ಎಂಬ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಪ್ರಬಂಧದ ವಿಷಯದಲ್ಲಿ ಈ ವ್ಯತ್ಯಾಸ ಈಗಲೂ ಇದೆ, ನಾವು ಅದನ್ನು ಸಹಿಸಿಕೊಂಡಿದ್ದೇವೆ. ಮಟ್ಟಗಳ ವಿವರಣೆ, ಮಾದರಿಗಾಗಿ ನಿಜವಾದ ಉತ್ತರಗಳು, ಮೊದಲ ದಿನದ ಸಾಮೂಹಿಕ ಓದು ಇವು ವ್ಯತ್ಯಾಸವನ್ನು ತಗ್ಗಿಸುತ್ತವೆ, ಪೂರ್ತಿ ಅಳಿಸುವುದಿಲ್ಲ. ವ್ಯತ್ಯಾಸವೇ ಇಲ್ಲದ ಮೌಲ್ಯಮಾಪನ ಬೇಕೆಂದರೆ ಎಲ್ಲವನ್ನೂ ಬಹು ಆಯ್ಕೆ ಮಾಡಿ ಓಎಂಆರ್ ಹಾಳೆಗೆ ಒಪ್ಪಿಸಬೇಕು. ಆಗ ನ್ಯಾಯ ಅಚ್ಚುಕಟ್ಟಾಗಿ ಸಿಗುತ್ತದೆ, ಆದರೆ ಅಳೆದದ್ದು ಸಾಹಿತ್ಯವಾಗಿರುವುದಿಲ್ಲ.

ಅಂಕ ಏನನ್ನು ಅಳೆಯುತ್ತದೆ ಎಂದು ಕೇಳುವಾಗ ಕೋವಿಡ್ ವರ್ಷವನ್ನು ನೆನಪಿಸಿಕೊಳ್ಳಿ. 2021ರಲ್ಲಿ ದ್ವಿತೀಯ ಪಿಯುಸಿ ಪರೀಕ್ಷೆ ನಡೆಯಲಿಲ್ಲ. ಎಸ್‌ಎಸ್‌ಎಲ್‌ಸಿಯ ಶೇ. 45, ಪ್ರಥಮ ಪಿಯುಸಿಯ ಶೇ. 45, ದ್ವಿತೀಯದ ಆಂತರಿಕ ಅಂಕದ ಶೇ. 10 ಕೂಡಿಸಿ ಫಲಿತಾಂಶ ಕೊಟ್ಟರು. ಎರಡು ಸಾವಿರಕ್ಕೂ ಹೆಚ್ಚು ಮಕ್ಕಳಿಗೆ 600ಕ್ಕೆ 600 ಬಂತು. ಆ ಸಂಕಟದ ಕಾಲದಲ್ಲಿ ಬೇರೆ ಏನು ಮಾಡಲೂ ಆಗುತ್ತಿರಲಿಲ್ಲ, ಮಕ್ಕಳದು ಏನೂ ತಪ್ಪಿಲ್ಲ. ಆದರೆ ದ್ವಿತೀಯ ಪಿಯುಸಿಯ ಕನ್ನಡ ಪಠ್ಯದ ಬಗ್ಗೆ ಒಂದು ಸಾಲನ್ನೂ ಪರೀಕ್ಷೆಯಲ್ಲಿ ಬರೆಯದೆ ಆ ವಿಷಯದಲ್ಲಿ ಪೂರ್ಣಾಂಕ ಪಡೆಯಬಹುದು ಎಂದಾಗ, ಆ ಅಂಕಕ್ಕೆ ಏನು ಅರ್ಥ ಎಂದು ಕನ್ನಡ ವಿಭಾಗಗಳು ಗಂಭೀರವಾಗಿ ಕೇಳಿಕೊಳ್ಳಬೇಕಿತ್ತು. ಕೇಳಿಕೊಳ್ಳಲಿಲ್ಲ. ಮರುವರ್ಷ ಹಳೆಯ ಪ್ರಶ್ನೆಗಳೇ ಬಂದವು.

ಈ ಸಭೆಯಲ್ಲಿ ಪ್ರಶ್ನೆಪತ್ರಿಕೆ ತಯಾರಿಸುವವರಿದ್ದಾರೆ, ಮೌಲ್ಯಮಾಪನಕ್ಕೆ ಹೋಗುವವರು ಬಹಳ ಮಂದಿ ಇದ್ದಾರೆ. ಕನ್ನಡ ಉಪನ್ಯಾಸಕರ ಸಂಘಗಳಲ್ಲಿ ಹುದ್ದೆ ಹೊತ್ತವರೂ ಇದ್ದಾರೆ. ನಿಮ್ಮಲ್ಲಿ ನನ್ನ ವಿನಂತಿ ಇದು. ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಗೆ ಈ ಬೇಡಿಕೆಯನ್ನು ಬರವಣಿಗೆಯಲ್ಲಿ ಕೊಡಿ: ಓದಿರದ ಪದ್ಯಕ್ಕೆ ಹತ್ತು ಅಂಕ, ಸಂದರ್ಭದ ಮೂರರಲ್ಲಿ ಎರಡು ಅಂಕ ಸ್ವಾರಸ್ಯಕ್ಕೆ, ಆಂತರಿಕ ಅಂಕದಲ್ಲಿ ಗಟ್ಟಿ ಓದಿಗೆ ಮೀಸಲು ಪಾಲು. ಒಂದು ವರ್ಷ ಮೊದಲೇ ತಿಳಿಸಿ, ಪ್ರಥಮ ಪಿಯುಸಿಯಿಂದ ಆರಂಭಿಸಲಿ. ಮಂಡಳಿ ಒಪ್ಪುವ ತನಕ ಕಾಯಬೇಕಾಗಿಯೂ ಇಲ್ಲ. ಕಿರು ಪರೀಕ್ಷೆಯ ಪತ್ರಿಕೆ ನಿಮ್ಮ ಕೈಯಲ್ಲೇ ಇದೆ. ಬರುವ ತಿಂಗಳ ಕಿರು ಪರೀಕ್ಷೆಯಲ್ಲಿ ಪಠ್ಯದಲ್ಲಿಲ್ಲದ ಒಂದು ಪದ್ಯ ಕೊಟ್ಟು ನೋಡಿ, ಮಕ್ಕಳು ಬರೆದದ್ದನ್ನು ವಿಭಾಗದವರೆಲ್ಲ ಕೂತು ಓದಿ, ಅದರಲ್ಲಿ ಕೆಲವನ್ನು ನಿಮ್ಮ ಮನವಿಯ ಜೊತೆ ಮಂಡಳಿಗೆ ಕಳಿಸಿ.